ಸಂಸದರಿಗೆ ಮನವಿ ಕೊಟ್ಟೆವು, ಫೋಟೊ ಬಂತು, ನೀರು ಮಾತ್ರ ಇಳಿಯಲಿಲ್ಲ: ಮುಂದೇನು?

ಓದುಗರ ಪ್ರಶ್ನೆ: "ಸರ್, ನಾನು ನಿವೃತ್ತ ಶಿಕ್ಷಕಿ. ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿ ಪಕ್ಕದ ಬಡಾವಣೆಯಲ್ಲಿ ನಮ್ಮ ಮನೆ. ಜೋರು ಮಳೆ ಬಂದರೆ ಸರ್ವಿಸ್ ರೋಡಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಶಾಲೆ ಮಕ್ಕಳು, ಸ್ಕೂಟರಿನವರು ಬಿದ್ದದ್ದೂ ಇದೆ. ಕಳೆದ ವರ್ಷ ನಾವೆಲ್ಲ ಸೇರಿ ಸಂಸದರ ಕಚೇರಿಗೆ ಹೋಗಿ ಮನವಿ ಕೊಟ್ಟೆವು. ಫೋಟೊ ತೆಗೆದರು. ಒಂದು ವಾರದಲ್ಲಿ ಅವರು ಹೆದ್ದಾರಿ ಇಲಾಖೆಗೆ ಬರೆದ ಪತ್ರದ ಪ್ರತಿಯೂ ಬಂತು. ಆಮೇಲೆ ಏನೂ ಆಗಲಿಲ್ಲ. ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ನನ್ನ ಮಗ ಹೇಳುತ್ತಾನೆ, ಸಂಸದರ ಹಾಜರಾತಿ ಎಷ್ಟು ಶೇಕಡಾ, ಎಷ್ಟು ಪ್ರಶ್ನೆ ಕೇಳಿದ್ದಾರೆ ನೋಡು, ಅದೇ ಕೆಲಸದ ಅಳತೆ ಅಂತ. ಪಕ್ಕದ ಮನೆಯವರು, ರೋಡು ಸರಿ ಮಾಡದವರು ದೆಹಲಿಯಲ್ಲಿ ಕೂತು ಏನು ಪ್ರಯೋಜನ ಅಂತಾರೆ. ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಅದು ಗುರುತಿಸಿದ ಭಾಷೆಗಳ ಪಟ್ಟಿಗೆ, ಸೇರಿಸುತ್ತೇವೆ ಎಂದು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ, ಅದೂ ಆಗಿಲ್ಲ. ಸಂಸದರಿಂದ ನಿಜವಾಗಿ ಏನು ಸಾಧ್ಯ, ಏನು ಅಸಾಧ್ಯ? ನಾವೀಗ ಏನು ಮಾಡಬೇಕು?"

ಟೀಚರ್, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು, ನೀರು ಇಳಿಯುತ್ತಿಲ್ಲ. ಇನ್ನೊಂದು, ನೀವು ಮತ ಹಾಕಿ ಕಳುಹಿಸಿದವರ ಕೆಲಸವನ್ನು ಅಳೆಯುವುದು ಹೇಗೆ ಎಂದು ಯಾರೂ ನಿಮಗೆ ಸರಿಯಾಗಿ ಹೇಳಿಲ್ಲ. ಎರಡೂ ನ್ಯಾಯವಾದ ಚಿಂತೆಗಳೇ. ನಾನು ಒಬ್ಬ ಸಂಸದರ ದೆಹಲಿ ಕಚೇರಿಯಲ್ಲಿ ವರ್ಷಗಟ್ಟಲೆ ಕಡತ ನೋಡಿದವನು. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ. ಯಾವ ಪಕ್ಷದ ಪರವಾಗಿಯೂ ಅಲ್ಲ, ಈಗಿನ ಸಂಸದರಿಗೆ ಮಾರ್ಕ್ಸ್ ಕೊಡುವುದಕ್ಕೂ ಅಲ್ಲ.

ಮೊದಲು ನಿಮ್ಮ ಮಗ ಹೇಳುವ ಹಾಜರಾತಿ. ಸದನದ ಹಾಜರಾತಿ ಎಂದರೆ ಆ ದಿನ ಬಂದಿದ್ದೇನೆ ಎಂದು ದಾಖಲಿಸುವುದು, ಅಷ್ಟೇ. ಬಂದವರು ಹತ್ತು ನಿಮಿಷ ಕೂತರೋ, ರಾತ್ರಿ ಎಂಟರವರೆಗೆ ಕೂತರೋ ಅದರಲ್ಲಿ ಗೊತ್ತಾಗುವುದಿಲ್ಲ. ಹಾಗಂತ ಅದು ಬೇಡದ ಲೆಕ್ಕವೂ ಅಲ್ಲ. ಅಧಿವೇಶನದ ಅರ್ಧ ದಿನವೂ ಬಾರದವರು ಇದ್ದರೆ ಕೇಳಲೇಬೇಕು. ಆದರೆ ಶೇಕಡಾ 85ಕ್ಕೂ ಶೇಕಡಾ 95ಕ್ಕೂ ನಡುವೆ ಕೆಲಸದಲ್ಲಿ ಏನೋ ದೊಡ್ಡ ವ್ಯತ್ಯಾಸ ಇದೆ ಅಂತ ಜಗಳ ಆಡುವುದು ಸುಮ್ನೆ. ಇನ್ನೊಂದು ವಿಷಯ, ಮಂತ್ರಿಗಳು ಹಾಜರಾತಿ ದಾಖಲಿಸುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರು ಉತ್ತರ ಕೊಡುವ ಜಾಗದಲ್ಲಿ ಇರುತ್ತಾರೆ. ನಿಮ್ಮ ಉಡುಪಿ–ಚಿಕ್ಕಮಗಳೂರು ಕ್ಷೇತ್ರವನ್ನೇ ನೋಡಿ. ಆಗ ಇಲ್ಲಿನ ಸಂಸದೆಯಾಗಿದ್ದ ಶೋಭಾ ಕರಂದ್ಲಾಜೆಯವರು 2021ರ ಜುಲೈನಲ್ಲಿ ಕೇಂದ್ರದ ರಾಜ್ಯ ಸಚಿವೆಯಾದರು. ಅಲ್ಲಿಂದ ಮುಂದೆ ಅವರ ಹೆಸರಿನಲ್ಲಿ ಪ್ರಶ್ನೆಗಳೇ ಇರುವುದಿಲ್ಲ. ಅದನ್ನು ಸೋಮಾರಿತನ ಎಂದು ಓದಿದರೆ ತಪ್ಪು. ಸದಸ್ಯರ ಕೆಲಸವನ್ನು ಲೆಕ್ಕ ಇಡುವ ಪಿಆರ್‌ಎಸ್ ಸಂಸ್ಥೆಯವರೂ ಮಂತ್ರಿಗಳನ್ನು ಈ ಪಟ್ಟಿಯಿಂದ ಹೊರಗೆ ಇಡುತ್ತಾರೆ. ವಾಟ್ಸಾಪಿನಲ್ಲಿ ಸುತ್ತುವ ಪಟ್ಟಿಗಳಲ್ಲಿ ಈ ಮಾತು ಇರುವುದಿಲ್ಲ, ಅಲ್ವಾ?

ಪ್ರಶ್ನೆಗಳ ಸಂಖ್ಯೆಯೂ ಹಾಗೆಯೇ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೆದ ಉತ್ತರ ಮಾತ್ರ. ನೋಟಿಸು ಕೊಟ್ಟ ಪ್ರಶ್ನೆಗಳೆಲ್ಲ ಪಟ್ಟಿಗೆ ಬರುವುದಿಲ್ಲ, ಚೀಟಿ ಎತ್ತಿ ಆರಿಸುತ್ತಾರೆ. ಒಂದೇ ಪ್ರಶ್ನೆಗೆ ನಾಲ್ಕೈದು ಸದಸ್ಯರ ಹೆಸರು ಸೇರುವುದೂ ಉಂಟು. ಹಾಗಾಗಿ ಮುನ್ನೂರು ಪ್ರಶ್ನೆ ಕೇಳಿದವರು ನೂರು ಕೇಳಿದವರಿಗಿಂತ ಮೂರು ಪಾಲು ಒಳ್ಳೆಯವರು ಅಂತ ಆಗುವುದಿಲ್ಲ. ನಾನು ಯಾವುದೇ ಸಂಸದರನ್ನು ಅಳೆಯುವಾಗ ಸಂಖ್ಯೆ ನೋಡುವುದಿಲ್ಲ. ಅವರ ಐದಾರು ಪ್ರಶ್ನೆಗಳನ್ನು ತೆರೆದು ಓದುತ್ತೇನೆ. "ದೇಶದಲ್ಲಿ ಎಷ್ಟು ಶೌಚಾಲಯ ಕಟ್ಟಲಾಗಿದೆ" ಎಂಬಂಥ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. "ಇಂಥ ಹೆದ್ದಾರಿಯ ಇಂಥ ಭಾಗಕ್ಕೆ ಅಂದಾಜು ಪಟ್ಟಿ ಯಾವಾಗ ಬಂತು, ಯಾರ ಬಳಿ ಇದೆ, ತಡ ಯಾಕೆ" ಎಂದು ಕೇಳಿದ್ದರೆ ಆ ಸಂಸದರು ಮನೆಪಾಠ ಮಾಡಿದ್ದಾರೆ ಎಂದು ಅರ್ಥ. ಒಂದೇ ವಿಷಯವನ್ನು ಎರಡು ಮೂರು ಅಧಿವೇಶನ ಬಿಡದೆ ಹಿಡಿದಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲ ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರಿನ ಕೆಳಗೆ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಮಗನಿಗೆ ಒಂದು ಭಾನುವಾರ ಈ ಕೆಲಸ ಹಚ್ಚಿ.

ಇನ್ನು ಪಕ್ಕದ ಮನೆಯವರ ಮಾತು. "ರೋಡು ಸರಿ ಮಾಡದವರು" ಎಂಬ ಸಿಟ್ಟು ಅರ್ಥವಾಗುತ್ತದೆ. ಆದರೆ ಯಾವ ರೋಡು ಎಂದು ಮೊದಲು ಕೇಳಬೇಕು. ಬಡಾವಣೆಯ ಒಳರಸ್ತೆ ಪಂಚಾಯತು ಅಥವಾ ನಗರಸಭೆಯದ್ದು. ಜಿಲ್ಲಾ ಮುಖ್ಯರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿಯದ್ದು, ಅಂದರೆ ಶಾಸಕರ ಬಾಗಿಲು. ರಾಷ್ಟ್ರೀಯ ಹೆದ್ದಾರಿ ಮಾತ್ರ ಕೇಂದ್ರದ್ದು. ನಿಮ್ಮ ಸರ್ವಿಸ್ ರೋಡು 66ನೇ ಹೆದ್ದಾರಿಗೆ ಸೇರಿದ್ದರಿಂದ ನೀವು ಸರಿಯಾದ ಬಾಗಿಲಿಗೇ ಹೋಗಿದ್ದೀರಿ. ಇಷ್ಟು ಗೊತ್ತಿಲ್ಲದೆ ಒಳಚರಂಡಿಗೆ, ರೇಷನ್ ಕಾರ್ಡಿಗೆ ಸಂಸದರ ಕಚೇರಿಗೆ ಹೋಗಿ ದಿನ ಕಳೆಯುವವರು ಎಷ್ಟೋ ಜನ.

"ಸಂಸದರ ನಿಧಿಯಿಂದ ಮಾಡಿಸಲಿ" ಎಂದು ಗುಂಪಿನಲ್ಲಿ ಯಾರಾದರೂ ಹೇಳಿಯೇ ಹೇಳಿರುತ್ತಾರೆ. ಆ ನಿಧಿ 1993ರ ಡಿಸೆಂಬರಿನಲ್ಲಿ ಶುರುವಾಯಿತು. 2011–12ರಿಂದ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಕೊರೊನಾ ಹೊತ್ತಿನಲ್ಲಿ, 2020ರ ಏಪ್ರಿಲಿನಲ್ಲಿ ನಿಂತದ್ದು 2021ರ ನವೆಂಬರಿನಲ್ಲಿ ಮತ್ತೆ ಶುರುವಾಯಿತು. ಆ ದುಡ್ಡು ಸಂಸದರ ಕೈಗೆ ಬರುವುದೇ ಇಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಸಮನಾಗಿ ಹಂಚಿದರೆ ಒಂದಕ್ಕೆ ವರ್ಷಕ್ಕೆ ಅರುವತ್ತೆರಡೂವರೆ ಲಕ್ಷ. ಅದರಲ್ಲೂ ಶೇಕಡಾ 15 ಪರಿಶಿಷ್ಟ ಜಾತಿಯವರು, ಶೇಕಡಾ 7.5 ಪರಿಶಿಷ್ಟ ಪಂಗಡದವರು ಇರುವ ಪ್ರದೇಶಗಳಿಗೆ ಹೋಗಬೇಕು, ಹೋಗಲೇಬೇಕು. ಬಸ್ ತಂಗುದಾಣ, ಶಾಲೆಗೆ ಕೋಣೆ, ಕುಡಿಯುವ ನೀರಿನ ಘಟಕ, ಹೈಮಾಸ್ಟ್ ದೀಪ, ಇಂಥದ್ದಕ್ಕೆ ಅದು ಸಾಕು. ಹೆದ್ದಾರಿ ಕೆಲಸಕ್ಕೆ ಅದನ್ನು ನಂಬಿ ಕೂರಬೇಡಿ. ಹೆದ್ದಾರಿಯ ಜಾಗದೊಳಗೆ ಯಾರು ಏನು ಮಾಡುವುದಿದ್ದರೂ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ ಬೇಕು.

(ಒಂದು ಮಾತು ಬೈಂದೂರಿನ ಓದುಗರಿಗೆ. ನಿಮ್ಮದು ಉಡುಪಿ ಜಿಲ್ಲೆಯಾದರೂ ಲೋಕಸಭೆಗೆ ನೀವು ಶಿವಮೊಗ್ಗ ಕ್ಷೇತ್ರದವರು. ಮನವಿ ಬರೆಯುವಾಗ ಇದನ್ನು ಮರೆಯಬೇಡಿ.)

ಈಗ ನಿಮ್ಮ ಮನವಿಗೆ ಏನಾಯಿತು ಎಂಬ ಪ್ರಶ್ನೆ. ಇಂಥ ಮನವಿ ಹೇಗೆ ಸಾಗುತ್ತದೆ ಎಂದು ಹೇಳುತ್ತೇನೆ, ಆಗ ಎಲ್ಲಿ ಸಿಕ್ಕಿಕೊಂಡಿತು ಎಂದು ನಿಮಗೇ ಹೊಳೆಯುತ್ತದೆ. ಸಂಸದರ ಪಿಎ ಅದನ್ನು ಓದಿ, ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು, ನಿಮ್ಮ ಕಾಗದವನ್ನು ಹಿಂದೆ ಪಿನ್ ಮಾಡುತ್ತಾರೆ. "ಅಗತ್ಯ ಕ್ರಮಕ್ಕಾಗಿ" ಎಂಬ ಮಾತು ಇದ್ದೇ ಇರುತ್ತದೆ. ಅದು ಮಂಗಳೂರಿನ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರ ಕಚೇರಿಗೆ ಹೋಗುತ್ತದೆ. ಅಲ್ಲಿ ಕೂತ ಎಂಜಿನಿಯರ್ ಮೊದಲು ನೋಡುವುದು ಒಂದೇ: ಕಿಲೋಮೀಟರ್ ಎಷ್ಟು? ಅವರ ಕಡತದಲ್ಲಿ ಊರಿನ ಹೆಸರಿಗಿಂತ ಚೈನೇಜ್ ಮುಖ್ಯ. ಹೆದ್ದಾರಿಯ ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ, ಎಡಬದಿಯೋ ಬಲಬದಿಯೋ. "ನಮ್ಮ ಬಡಾವಣೆ ಎದುರು, ದೇವಸ್ಥಾನದ ಹತ್ತಿರ ನೀರು ನಿಲ್ಲುತ್ತದೆ" ಎಂದು ಬರೆದಿದ್ದರೆ ಆ ಕಾಗದ ಗುತ್ತಿಗೆದಾರರಿಗೆ ಹೋಗುತ್ತದೆ, ಅವರು ಒಮ್ಮೆ ಕಸ ಎತ್ತಿಸಿ "ಸ್ವಚ್ಛಗೊಳಿಸಲಾಗಿದೆ" ಎಂದು ಬರೆಯುತ್ತಾರೆ. ಕಡತ ಮುಗಿಯಿತು.

ಆದರೆ ನೀರು ನಿಲ್ಲುವುದು ಕಸದಿಂದ ಮಾತ್ರವಾ? ಕರಾವಳಿಯ ಹೆದ್ದಾರಿಯಲ್ಲಿ ನಾನು ಕಂಡ ಮಟ್ಟಿಗೆ ಬೇರು ಬೇರೆಡೆ ಇದೆ. ಚತುಷ್ಪಥ ಮಾಡುವಾಗ ಹೆದ್ದಾರಿಯನ್ನು ಎತ್ತರಿಸಿದರು. ಪಕ್ಕದ ಗದ್ದೆ, ತೆಂಗಿನ ತೋಟ, ಮನೆ ತಗ್ಗಿನಲ್ಲಿ ಉಳಿದವು. ಮೊದಲು ಮಳೆನೀರು ಅಡ್ಡಕ್ಕೆ ಹರಿದು ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತಿತ್ತು. ಈಗ ಹೆದ್ದಾರಿಯ ಚರಂಡಿ ಪ್ರಾಧಿಕಾರದ ಗಡಿಯವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ತೋಡಿಗೆ ಕೊಂಡೊಯ್ಯುವ ಕಾಲುವೆ ಪಂಚಾಯತಿನ ಜಾಗದಲ್ಲಿ, ಕೆಲವು ಕಡೆ ಖಾಸಗಿ ಜಾಗದಲ್ಲಿ. ಒಬ್ಬರು ಮಣ್ಣು ತುಂಬಿಸಿ ಸೈಟ್ ಮಾಡಿದರೆ ದಾರಿ ಮುಚ್ಚಿತು. ಪ್ರಾಧಿಕಾರದವರು "ನಮ್ಮ ಚರಂಡಿ ಸರಿ ಇದೆ" ಎನ್ನುತ್ತಾರೆ. ಪಂಚಾಯತಿನವರು "ಹೆದ್ದಾರಿ ನೀರು ನಮ್ಮದಲ್ಲ" ಎನ್ನುತ್ತಾರೆ. ಕಾಗದದ ಮೇಲೆ ಇಬ್ಬರದ್ದೂ ನಿಜವೇ! ನಡುವಿನ ಐವತ್ತು ಮೀಟರಿಗೆ ದಿಕ್ಕಿಲ್ಲ.

ಇನ್ನೊಂದು ತೊಡಕು ಗುತ್ತಿಗೆಯದ್ದು. ತಲಪಾಡಿಯಿಂದ ಕುಂದಾಪುರದವರೆಗಿನ ಚತುಷ್ಪಥ, ಟೋಲ್ ವಸೂಲಿ ಮಾಡುವ ಖಾಸಗಿ ಗುತ್ತಿಗೆಯಲ್ಲಿ ಆದದ್ದು. ಮೂಲ ಒಪ್ಪಂದದಲ್ಲಿ ನಿಮ್ಮ ಜಾಗದ ಸರ್ವಿಸ್ ರೋಡು, ಚರಂಡಿ ಇತ್ತೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಇದ್ದರೆ ಮಾಡಿಸಿಕೊಳ್ಳುವುದು ಪ್ರಾಧಿಕಾರದ ಹೊಣೆ. ಇಲ್ಲದಿದ್ದರೆ ಅದು ಹೊಸ ಕೆಲಸ. ಅದಕ್ಕೆ ಹೊಸ ಅಂದಾಜು ಪಟ್ಟಿ ಬೇಕು, ಬೆಂಗಳೂರಿನ ಪ್ರಾದೇಶಿಕ ಕಚೇರಿ ದಾಟಬೇಕು, ಮೊತ್ತ ದೊಡ್ಡದಾದರೆ ದೆಹಲಿಗೂ ಹೋಗಬೇಕು. ಸಂಸದರ ಬಲ ಬೇಕಾಗುವುದು ಈ ಜಾಗದಲ್ಲಿ. ಪಕ್ಕದ ಮನೆಯವರು ಕೇಳಿದರಲ್ಲ, ದೆಹಲಿಯಲ್ಲಿ ಕೂತು ಏನು ಪ್ರಯೋಜನ ಎಂದು? ಮಂಗಳೂರಿನಿಂದ ಹೊರಟ ಅಂದಾಜು ಪಟ್ಟಿ ಯಾವ ಮೇಜಿನ ಮೇಲೆ ಇದೆ ಎಂದು ಹುಡುಕಿ, ಆ ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ಕೂರಬಲ್ಲವರು ಸಂಸದರೊಬ್ಬರೇ. ನಿಮ್ಮಿಂದ, ನನ್ನಿಂದ ಅದು ಆಗದು.

ಸಂಸದರು ಅಧಿಕಾರಿಗೆ ಆದೇಶ ಕೊಡಲಾರರು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಅವರ ಪತ್ರಕ್ಕೆ ಒಂದು ತೂಕ ಇದೆ. ಕೇಂದ್ರ ಸರ್ಕಾರದ ಕಚೇರಿ ಕೈಪಿಡಿಯ ಪ್ರಕಾರ ಸಂಸದರ ಪತ್ರ ತಲುಪಿದ 15 ದಿನದೊಳಗೆ ಸ್ವೀಕೃತಿ ಕೊಡಬೇಕು, ಅದರ ನಂತರದ 15 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಪತ್ರ ಹೋಗಿ ಒಂದು ವರ್ಷ ಆಯಿತು. ಉತ್ತರ ಬಂದಿರಲೇಬೇಕು. ಬಂದಿಲ್ಲದಿದ್ದರೆ ಯಾಕೆ ಬಂದಿಲ್ಲ ಎಂದು ಸಂಸದರೇ ಕೇಳಬೇಕಿತ್ತು. ಹಾಗಾಗಿ ಮೊದಲ ಹೆಜ್ಜೆ ಹೊಸ ಮನವಿ ಅಲ್ಲ. ಸಂಸದರ ಕಚೇರಿಗೆ ಫೋನ್ ಮಾಡಿ, ಪತ್ರದ ದಿನಾಂಕ, ಸಂಖ್ಯೆ ಹೇಳಿ, "ಅದಕ್ಕೆ ಬಂದ ಉತ್ತರದ ಪ್ರತಿ ಕೊಡಿ" ಎಂದು ಮರ್ಯಾದೆಯಿಂದ ಕೇಳಿ. ಈ ಒಂದು ಮಾತು ಕೇಳುವವರು ತೀರಾ ಕಡಿಮೆ. ಕೇಳಿದವರ ಕಡತವನ್ನು ಪಿಎ ಬೇರೆಯೇ ಇಟ್ಟುಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ನಿಮಗೆ ಕೆಲವು ದಾರಿಗಳಿವೆ. ಪ್ರತಿಯೊಂದರಲ್ಲೂ ಒಂದು ಅಪಾಯವೂ ಇದೆ.

ನನ್ನ ಮೆಚ್ಚಿನದು ದಿಶಾ ಸಭೆ. ಕೇಂದ್ರದ ಯೋಜನೆಗಳನ್ನು ಜಿಲ್ಲೆಯಲ್ಲಿ ಪರಿಶೀಲಿಸುವ ಸಮಿತಿ ಇದು, 2016ರಲ್ಲಿ ಬಂತು. ಅಧ್ಯಕ್ಷರು ಲೋಕಸಭಾ ಸದಸ್ಯರೇ. ಮೂರು ತಿಂಗಳಿಗೊಮ್ಮೆ ನಡೆಯಬೇಕು. ಹೆದ್ದಾರಿಯವರು, ಜಿಲ್ಲಾ ಪಂಚಾಯತಿನವರು, ನಗರಸಭೆಯವರು, ಜಿಲ್ಲಾಧಿಕಾರಿ ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ. ನಿಮ್ಮ ಐವತ್ತು ಮೀಟರಿನ ಸಮಸ್ಯೆಗೆ ಇದಕ್ಕಿಂತ ಸರಿಯಾದ ಜಾಗ ಇಲ್ಲ, ಯಾಕೆಂದರೆ "ಅದು ಅವರದ್ದು" ಎಂದು ಹೇಳಲು ಇಬ್ಬರಿಗೂ ಆಗುವುದಿಲ್ಲ. ಸಭೆಗೆ ಹದಿನೈದು ದಿನ ಮೊದಲೇ ನಿಮ್ಮ ವಿಷಯ ಪಟ್ಟಿಗೆ ಸೇರುವಂತೆ ಕೇಳಿಕೊಳ್ಳಿ. ಜಂಟಿ ಸ್ಥಳ ಪರಿಶೀಲನೆಗೆ ದಿನಾಂಕ ನಿಗದಿ ಮಾಡಿಸಿ. ಅಪಾಯ ಏನೆಂದರೆ, ದಿಶಾ ಸಮಿತಿಗೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಸಂಸದರು ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡರು ಎಂದು ಮರುದಿನ ಪೇಪರಿನಲ್ಲಿ ಬಂದರೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಸಮಾಧಾನ ಪಡುತ್ತಾರೆ. ತರಾಟೆ ಮುಖ್ಯ ಅಲ್ಲ. ನಡಾವಳಿಯಲ್ಲಿ ಏನು ಬರೆದಿದೆ, ಮುಂದಿನ ಸಭೆಯಲ್ಲಿ ಅದರ ಅನುಪಾಲನಾ ವರದಿ ಬಂತಾ, ಅದನ್ನು ನೋಡಬೇಕು. ನಡಾವಳಿಯ ಪ್ರತಿ ಕೇಳಿ ತೆಗೆದುಕೊಳ್ಳಿ.

ಎರಡನೆಯದು ಮಾಹಿತಿ ಹಕ್ಕು. ಹೆದ್ದಾರಿ ಪ್ರಾಧಿಕಾರಕ್ಕೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. "ಯಾಕೆ ಕೆಲಸ ಆಗಿಲ್ಲ" ಎಂದು ಕೇಳಬೇಡಿ, ಕಾರಣ ಕೇಳಿದರೆ ಅದು ಮಾಹಿತಿ ಅಲ್ಲ ಎಂದು ತಳ್ಳಿಬಿಡುತ್ತಾರೆ. ದಾಖಲೆ ಕೇಳಿ. ಈ ಚೈನೇಜಿನ ಸರ್ವಿಸ್ ರೋಡು ಮತ್ತು ಚರಂಡಿ ಮೂಲ ಒಪ್ಪಂದದಲ್ಲಿ ಇದೆಯೇ, ಇದ್ದರೆ ಆ ಪುಟದ ಪ್ರತಿ. ಇಂಥ ದಿನಾಂಕದ ಸಂಸದರ ಪತ್ರದ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಯ ಪ್ರತಿ. ಅಂದಾಜು ಪಟ್ಟಿ ಕಳುಹಿಸಿದ್ದರೆ ಅದರ ಪ್ರತಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ 30 ದಿನ, ಅದೂ ಆಗದಿದ್ದರೆ ಕೇಂದ್ರ ಮಾಹಿತಿ ಆಯೋಗಕ್ಕೆ 90 ದಿನ ಸಮಯ ಇದೆ. ಇದರ ಕಷ್ಟ ತಾಳ್ಮೆಯದ್ದು. ಆಯೋಗದವರೆಗೆ ಹೋದರೆ ಒಂದು ಮಳೆಗಾಲ ಕಳೆದುಹೋಗಬಹುದು.

ಮೂರನೆಯದು ಸಂಸತ್ತಿನಲ್ಲಿ ಪ್ರಶ್ನೆ. ಇಲ್ಲಿ ನಾನು ಸ್ವಲ್ಪ ಎಚ್ಚರ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ಕಾಣದ ಒಂದು ಗುಂಡಿ ಇಲ್ಲಿದೆ. ಸರಿಯಾದ ತಯಾರಿ ಇಲ್ಲದೆ ಪ್ರಶ್ನೆ ಹಾಕಿದರೆ "ಅಂಥ ಯಾವುದೇ ಪ್ರಸ್ತಾವ ಪರಿಶೀಲನೆಯಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಅದು ಮಂತ್ರಿ ಸದನಕ್ಕೆ ಕೊಟ್ಟ ಲಿಖಿತ ಉತ್ತರ. ನಾಳೆಯಿಂದ ಕೆಳಗಿನ ಅಧಿಕಾರಿಗೆ ಅದೇ ಗುರಾಣಿ. ಸಾಹೇಬರೇ ಇಲ್ಲ ಅಂದಿದ್ದಾರೆ, ನಾನು ಹೇಗೆ ಪಟ್ಟಿ ಕಳುಹಿಸಲಿ ಎನ್ನುತ್ತಾರೆ. ನನ್ನ ಕಣ್ಣೆದುರೇ ಒಳ್ಳೆಯ ಬೇಡಿಕೆಯೊಂದು ಹೀಗೆ ಮೂಲೆ ಸೇರಿದ್ದನ್ನು ನೋಡಿದ್ದೇನೆ. ಅದೇ ಕೆಳಗಿನಿಂದ ಅಂದಾಜು ಪಟ್ಟಿ ಹೋಗಿದೆ ಎಂದು ಗೊತ್ತಾದ ಮೇಲೆ ಕೇಳಿದರೆ, ಮಂತ್ರಿ "ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ" ಎಂದರೆ, ಅದು ಸದನಕ್ಕೆ ಕೊಟ್ಟ ಭರವಸೆಯಾಗಿ ದಾಖಲಾಗಬಹುದು. ಭರವಸೆಗಳನ್ನು ಹಿಂಬಾಲಿಸಲೆಂದೇ ಲೋಕಸಭೆಯಲ್ಲಿ ಒಂದು ಸಮಿತಿ ಇದೆ. ಮೂರು ತಿಂಗಳೊಳಗೆ ಪೂರೈಸಬೇಕು, ಇಲ್ಲವಾದರೆ ಸಚಿವಾಲಯ ಹೆಚ್ಚಿನ ಸಮಯ ಕೇಳಬೇಕು. ಹಾಗಾಗಿ ಮಾಹಿತಿ ಹಕ್ಕಿನ ಉತ್ತರ ಕೈಗೆ ಬಂದ ಮೇಲೆ ಪ್ರಶ್ನೆ. ಅದಕ್ಕೆ ಮೊದಲು ಬೇಡ. ಪ್ರಶ್ನೆಗೆ ಕನಿಷ್ಠ 15 ದಿನದ ನೋಟಿಸು ಬೇಕು, ತೀರಾ ಸ್ಥಳೀಯ ಅನಿಸಿದರೆ ತಿರಸ್ಕರಿಸುತ್ತಾರೆ. ಆದ್ದರಿಂದ 66ನೇ ಹೆದ್ದಾರಿಯ ಉಡುಪಿ ಜಿಲ್ಲೆಯ ಸರ್ವಿಸ್ ರೋಡುಗಳು ಎಂದು ವಿಸ್ತಾರ ಮಾಡಿ, ನಿಮ್ಮ ಚೈನೇಜನ್ನು ಅದರೊಳಗೆ ಸೇರಿಸುವುದು ಜಾಣತನ. ಶೂನ್ಯವೇಳೆ, ನಿಯಮ 377 ಕೂಡ ಇವೆ. ಅವು ವಿಷಯವನ್ನು ಸದನದ ಕಿವಿಗೆ ಹಾಕಲು ಸರಿ, ಪ್ರಶ್ನೆಯಷ್ಟು ಬಿಗಿ ಇಲ್ಲ.

ಇನ್ನು ಕೋರ್ಟು ಮತ್ತು ಬೀದಿ. ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬಹುದು. ಆದರೆ ವಿಷಯ ಕೋರ್ಟಿನಲ್ಲಿದ್ದರೆ ಅದರ ಬಗ್ಗೆ ಸದನದಲ್ಲಿ ಪ್ರಶ್ನೆಗೆ ಅವಕಾಶ ಇಲ್ಲ. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತದೆ ಎಂದು ತಿಳಿದೇ ಹೋಗಿ. ಹೋರಾಟದಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಸುರತ್ಕಲ್ ಟೋಲ್ ಸಂಗ್ರಹ 2022ರ ಡಿಸೆಂಬರ್ 1ಕ್ಕೆ ನಿಂತದ್ದು ಜನ ವರ್ಷಗಟ್ಟಲೆ ಬಿಡದೆ ನಿಂತದ್ದರಿಂದ. ಅದಕ್ಕಾಗಿ ಬಿಸಿಲಲ್ಲಿ ಕೂತವರು, ಕೇಸು ಹಾಕಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಅಷ್ಟು ಜನ, ಅಷ್ಟು ಕಾಲ ನಿಲ್ಲಲು ನಿಮ್ಮ ಬಡಾವಣೆಗೆ ಆಗುತ್ತದಾ ಎಂದು ನೀವೇ ಯೋಚಿಸಬೇಕು.

ತುಳುವಿನ ಮಾತಿಗೆ ಬರುತ್ತೇನೆ. ಇದು ನನಗೂ ಮನಸ್ಸಿಗೆ ಹತ್ತಿರದ ವಿಷಯ. ಎಂಟನೇ ಪರಿಚ್ಛೇದದಲ್ಲಿ ಈಗ 22 ಭಾಷೆಗಳಿವೆ. ಕೊಂಕಣಿ ಸೇರಿದ್ದು 1992ರಲ್ಲಿ, ಮಣಿಪುರಿ ಮತ್ತು ನೇಪಾಳಿಯ ಜೊತೆಗೆ. ಕೊನೆಯ ಸಲ ಸೇರಿಸಿದ್ದು 2003ರಲ್ಲಿ, ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ. ಒಂದು ಭಾಷೆಯನ್ನು ಸೇರಿಸಲು ಸಂವಿಧಾನ ತಿದ್ದುಪಡಿಯೇ ಆಗಬೇಕು. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. ಯಾವ ಭಾಷೆಯನ್ನು ಸೇರಿಸಬೇಕು ಎಂಬುದಕ್ಕೆ ಮಾನದಂಡ ಹುಡುಕಲು 1996ರಲ್ಲಿ ಪಾಹ್ವಾ ಸಮಿತಿ, 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ ಆಯಿತು. ಒಪ್ಪಿತ ಮಾನದಂಡ ಮಾತ್ರ ಇವತ್ತಿಗೂ ಇಲ್ಲ. ಅದಕ್ಕೇ ಸಂಸತ್ತಿನಲ್ಲಿ ತುಳುವಿನ ಬಗ್ಗೆ ಯಾರೇ ಕೇಳಲಿ, ಗೃಹ ಸಚಿವಾಲಯದ ಉತ್ತರ ಬಹುಪಾಲು ಒಂದೇ ಅಚ್ಚಿನದ್ದು: ಬೇಡಿಕೆಗಳು ಅನೇಕ ಇವೆ, ನಿಗದಿತ ಮಾನದಂಡ ಇಲ್ಲ, ಕಾಲಮಿತಿ ಹೇಳಲಾಗದು.

ಹಾಗಾದರೆ ಒಬ್ಬ ಸಂಸದರಿಂದ ಏನು ಸಾಧ್ಯ? ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರೇ ಮಂಡಿಸುವ ಮಸೂದೆ, ತರಬಹುದು. ಆದರೆ ಸ್ವಾತಂತ್ರ್ಯ ಬಂದ ಮೇಲೆ ಪಾಸಾದ ಖಾಸಗಿ ಮಸೂದೆಗಳು 14 ಮಾತ್ರ, 1970ರ ನಂತರ ಒಂದೂ ಇಲ್ಲ. ಮಸೂದೆ ತಂದರೆ ಚರ್ಚೆ ದಾಖಲಾಗುತ್ತದೆ, ಒತ್ತಡ ಉಳಿಯುತ್ತದೆ. ಕಾನೂನು ಆಗಬೇಕಾದರೆ ಸರ್ಕಾರವೇ ಮನಸ್ಸು ಮಾಡಬೇಕು. ಆದ್ದರಿಂದ ಚುನಾವಣೆಯ ಹೊತ್ತಿಗೆ "ಸೇರಿಸುತ್ತೇವೆ" ಎಂದ ಅಭ್ಯರ್ಥಿಗೆ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಪಕ್ಷದ ರಾಷ್ಟ್ರೀಯ ಪ್ರಣಾಳಿಕೆಯಲ್ಲಿ ಈ ಮಾತು ಇದೆಯಾ? ಇಲ್ಲವಾದರೆ ಅದು ಅವರ ಆಸೆ, ಪಕ್ಷದ ಮಾತಲ್ಲ. ತುಳುವನ್ನು ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡುವ ಬೇಡಿಕೆ ಬೇರೆಯೇ ಸಂಗತಿ. ಅದು ವಿಧಾನಸೌಧದ ಕೆಲಸ. ಇವೆರಡನ್ನೂ ಕಲಸಿ ಸಂಸದರನ್ನೇ ಕೇಳುವುದು ನಮ್ಮ ಕಡೆಯ ತಪ್ಪು.

ಪಕ್ಷದ ಮಾತು ಬಂದದ್ದರಿಂದ ಇನ್ನೊಂದು. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ, ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಕೊಟ್ಟರೆ ಸಂಸದರು ಅದರಂತೆಯೇ ಮತ ಹಾಕಬೇಕು. ಮೀರಿದರೆ, ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ, ಸ್ಥಾನ ಹೋಗಬಹುದು. ಸಂಸದರ ನಿಜವಾದ ಅಭಿಪ್ರಾಯ ಮತದಲ್ಲಿ ಕಾಣುವುದು ಅಪರೂಪ. ಸ್ಥಾಯಿ ಸಮಿತಿಯಲ್ಲಿ ಏನು ಹೇಳಿದರು, ಮಂತ್ರಿಗೆ ಏನು ಬರೆದರು, ಭಾಷಣದಲ್ಲಿ ಯಾವುದನ್ನು ಬಿಟ್ಟರು, ಅಲ್ಲಿ ಹುಡುಕಬೇಕು. ಎಷ್ಟೋ ಸಲ ಮತವೇ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಗತಿ ನೆನಪಿಸಿಕೊಳ್ಳಿ. ಮಂಗಳೂರಿನ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಉಡುಪಿಯ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ. ಊರಲ್ಲಿ ಎಷ್ಟು ಸಂಕಟ ಆಯಿತು! "ನಮ್ಮ ಸಂಸದರು ಯಾಕೆ ವಿರುದ್ಧ ಮತ ಹಾಕಲಿಲ್ಲ" ಎಂದು ಆಗ ಅನೇಕರು ನನ್ನನ್ನು ಕೇಳಿದ್ದರು. ಮತಕ್ಕೆ ಹಾಕುವ ಮಸೂದೆಯೇ ಬಂದಿರಲಿಲ್ಲ. ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಯಲ್ಲಿರುವ ಅಧಿಕಾರ ಬಳಸಿ, ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ, ಸರ್ಕಾರ ವಿಲೀನದ ಯೋಜನೆ ಪ್ರಕಟಿಸಿತು. ಅದನ್ನು ಸದನದಲ್ಲಿ ಮಂಡಿಸುತ್ತಾರೆ, ಅಷ್ಟೇ. ಅಂಥ ಹೊತ್ತಿನಲ್ಲಿ ಸಂಸದರ ಕೆಲಸ ಪ್ರಕಟಣೆಗೆ ಮೊದಲು ನಡೆಯಬೇಕು.

ಅಡಿಕೆಯದ್ದೂ ಹಾಗೆಯೇ. ಕನಿಷ್ಠ ಆಮದು ದರ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಅದು ವಾಣಿಜ್ಯ ಸಚಿವಾಲಯದ ಅಧಿಸೂಚನೆ, ಮಸೂದೆ ಅಲ್ಲ. ಇಂಥ ವಿಷಯದಲ್ಲಿ ಮಂತ್ರಿಯ ಬಾಗಿಲು ತಟ್ಟುವುದೇ ದಾರಿ, ಅದರ ಲೆಕ್ಕ ಯಾವ ಹಾಜರಾತಿ ಪಟ್ಟಿಯಲ್ಲೂ ಕಾಣುವುದಿಲ್ಲ.

ಹಳೆಯ ಕಾಲದವರನ್ನು ನೋಡಿ ಈಗಿನವರನ್ನು ಹಳಿಯುವ ರೂಢಿ ಇದೆ. ಹಿಂದೆ ಇಲ್ಲಿನ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು ನಿಮ್ಮ ಗುಂಪಿನಲ್ಲೂ ಬಂದಿರಬಹುದು. ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಬಂದರು, ಇವುಗಳ ಹಿಂದೆ ಅವರ ಓಡಾಟ ಇತ್ತು ಎಂಬುದು ಜಿಲ್ಲೆಗೇ ಗೊತ್ತು, ನನಗೂ ಅವರ ಮೇಲೆ ಬಹಳ ಗೌರವ. ಆದರೆ ಒಂದು ದಿನಾಂಕ ಗಮನಿಸಿ. ಮಲ್ಯರು ತೀರಿಕೊಂಡದ್ದು 1965ರ ಡಿಸೆಂಬರಿನಲ್ಲಿ. ನವಮಂಗಳೂರು ಬಂದರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿದ್ದು 1974ರ ಮೇ ತಿಂಗಳಲ್ಲಿ. ದೊಡ್ಡ ಕೆಲಸಕ್ಕೆ ಒಬ್ಬರ ಐದು ವರ್ಷ ಸಾಲುವುದಿಲ್ಲ. ಆದ್ದರಿಂದ ಈಗಿನ ಸಂಸದರನ್ನು ಕೇಳುವಾಗ "ಮುಗಿಸಿದ್ದೇನು" ಎನ್ನುವುದರ ಜೊತೆಗೆ "ಶುರು ಮಾಡಿಸಿದ್ದೇನು, ಹಿಂದಿನವರದ್ದರಲ್ಲಿ ಮುಂದುವರಿಸಿದ್ದೇನು" ಎಂದೂ ಕೇಳಿ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಬೇಡಿಕೆಯೂ ಇಂಥದ್ದೇ. ಅದರಲ್ಲಿ ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ನಾಲ್ಕೂ ರಾಜ್ಯಗಳ ಪಾಲು ಇದೆ. ಒಬ್ಬ ಸಂಸದರ ಸಹಿಯಿಂದ ಅದು ಆಗುವುದಿಲ್ಲ, ಆದರೆ ಒಬ್ಬರು ಬಿಟ್ಟುಬಿಟ್ಟರೆ ನಿಂತೇ ಹೋಗಬಹುದು.

ನಿಮ್ಮ ರೋಡಿಗೆ ಮರಳಿ, ಕೆಲಸದ ಹೊತ್ತು ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಚರಂಡಿ ಕೆಲಸ ನಡೆಯುವುದು ಅಕ್ಟೋಬರಿನಿಂದ ಮೇವರೆಗೆ. ಮೇ ಕೊನೆಗೆ ಮನವಿ ಕೊಟ್ಟರೆ ಅದು ಒಂದು ವರ್ಷ ನಿದ್ದೆ ಮಾಡುತ್ತದೆ. ಮಳೆಗಾಲದಲ್ಲಿ ನೀರು ನಿಂತಾಗ ದಿನಾಂಕ, ಗಂಟೆ ಕಾಣುವಂತೆ ಫೋಟೊ ತೆಗೆಯಿರಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯೂ ಅದರಲ್ಲಿ ಬರಲಿ. ಹೆದ್ದಾರಿ ಚರಂಡಿ ಎಲ್ಲಿ ಮುಗಿಯುತ್ತದೆ, ತೋಡು ಎಲ್ಲಿ ಶುರುವಾಗುತ್ತದೆ ಎಂದು ಕೈಯಲ್ಲೇ ಒಂದು ನಕ್ಷೆ ಬಿಡಿಸಿ. ನಡುವಿನ ಜಾಗದ ಸರ್ವೆ ನಂಬರ್ ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ. ಪಂಚಾಯತಿನಿಂದ "ಕಾಲುವೆಗೆ ನಮ್ಮ ಒಪ್ಪಿಗೆ ಇದೆ" ಎಂಬ ನಿರ್ಣಯ ಮಾಡಿಸಿದರೆ ನಿಮ್ಮ ಕೆಲಸ ಅರ್ಧ ಆಯಿತು. ಯಾಕೆಂದರೆ ಹೆದ್ದಾರಿಯವರು ಮೊದಲು ಕೇಳುವ ಕಾಗದ ಅದೇ. ಇಷ್ಟನ್ನು ಎರಡು ಪುಟದಲ್ಲಿ ಬರೆದು ಸೆಪ್ಟೆಂಬರಿನಲ್ಲಿ ಸಂಸದರ ಕೈಗೆ ಕೊಡಿ. ಅದೇ ಪ್ರತಿಯನ್ನು ಶಾಸಕರಿಗೂ ಕೊಡಿ, ಪಂಚಾಯತನ್ನು ಒಪ್ಪಿಸಲು ಅವರೇ ಬೇಕಾಗುತ್ತದೆ. ಫೋಟೊ ತೆಗೆಯುತ್ತೇವೆ ಎಂದರೆ ಬೇಡ ಎನ್ನಬೇಡಿ, ಫೋಟೊ ಪೇಪರಿನಲ್ಲಿ ಬಂದರೆ ಅದೂ ಒಂದು ಸಾಕ್ಷಿಯೇ.

ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಸೆಪ್ಟೆಂಬರಿನವರೆಗೆ ಕಾಯಿಸಬೇಡಿ, ಈ ವಾರವೇ ಹಾಕಿ. ಉತ್ತರ ಬಂದ ಮೇಲೆ ಒಪ್ಪಂದದ ಆ ಪುಟವನ್ನು ನನಗೆ ಕಳುಹಿಸಿ. ನಿಮ್ಮ ಭಾಗ ಮೂಲ ಕೆಲಸದಲ್ಲಿ ಇತ್ತೋ ಇಲ್ಲವೋ ನೋಡಿ, ಸಂಸದರಿಗೆ ಕೊಡಲು ಪ್ರಶ್ನೆಯ ಕರಡನ್ನು ನಾನೇ ಬರೆದುಕೊಡುತ್ತೇನೆ. ಚಳಿಗಾಲದ ಅಧಿವೇಶನಕ್ಕೆ ನೋಟಿಸು ಕೊಡಲು ಅಷ್ಟು ಹೊತ್ತಿಗೆ ಸಮಯ ಸರಿಯಾಗುತ್ತದೆ.